ರಸಮಟ್ಟನ ಮಂಡಿ

ನೆಲಕ್ಕೆ ಟೈಲ್ಸ್ ಹಾಕುವ ಆ ಮನುಷ್ಯನನ್ನು ಎಲ್ಲರೂ ರಸಮಟ್ಟ ಎಂದೇ ಕರೆಯುತ್ತಿದ್ದರು. ಮಟ್ಟ ನೋಡುವ ಆ ಹೆಸರಿನ ಉಪಕರಣ ಚೀಲದಿಂದ ಹೊರಗೆ ಬರುವ ಮೊದಲೇ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ, ನೆಲ ಯಾವ ಕಡೆ ವಾಲಿದೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಅವನ ಹಗಲೆಲ್ಲ ಮಂಡಿಯ ಮೇಲೆಯೇ ಕಳೆದಿತ್ತು. ಮಂಡಿಯ ಚರ್ಮ ಹಿಮ್ಮಡಿಯ ಹಾಗೆ ದಡ್ಡುಗಟ್ಟಿತ್ತು. ಅದನ್ನು ಅವನು ಪದಕದ ಹಾಗೆ ತೋರಿಸಿಕೊಂಡು ಓಡಾಡುತ್ತಿದ್ದ.

ಅವನ ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ, ಅದೇ ಕಸುಬಿನವನು. ಮಂಡಿಗೆ ದಪ್ಪ ರಬ್ಬರಿನ ಮೆತ್ತೆ ಕಟ್ಟಿಕೊಳ್ಳದೆ ಅವನು ನೆಲ ಮುಟ್ಟುತ್ತಿರಲಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಅಡ್ಡಾಡಿ ಬರುತ್ತಿದ್ದ. ರಸಮಟ್ಟ ಅವನಿಗೆ ಮೆತ್ತೆ ಮಹಾರಾಜ ಎಂದು ಹೆಸರಿಟ್ಟ. ನೆಂಟರೆಲ್ಲ ಊಟಕ್ಕೆ ಕೂತಾಗ, ಮಹಾರಾಜರಿಗೆ ಕೂರಲು ದಿಂಬು ಕೊಡಿ ಎಂದು ನಗಿಸುತ್ತಿದ್ದ. ಷಡ್ಡಕ ತಲೆ ತಗ್ಗಿಸಿ ಊಟ ಮುಂದುವರಿಸುತ್ತಿದ್ದ.

ನಲವತ್ತೊಂಬತ್ತಕ್ಕೆ ರಸಮಟ್ಟನ ಬಲಮಂಡಿ ಮೆಟ್ಟಿಲಲ್ಲಿ ಕರಕರ ಅನ್ನತೊಡಗಿತು. ಬೆಳಿಗ್ಗೆ ಎದ್ದರೆ ಕಾಲು ಮರಗಟ್ಟಿದ ಹಾಗೆ. ವಯಸ್ಸಾಯ್ತಲ್ಲ, ಇದ್ದದ್ದೇ ಎಂದು ತಳ್ಳಿಹಾಕಿದ. ಆಮೇಲೊಂದು ದಿನ, ಶಾಲೆಯೊಂದರ ಉದ್ದನೆಯ ಪಡಸಾಲೆಯಲ್ಲಿ ಒಂದು ಸಾಲು ಮುಗಿಸಿ ಏಳಲು ಹೋದರೆ ಮಂಡಿ ಏಳಲೊಲ್ಲದು. ಹನ್ನೆರಡು ಅಡಿ ಅಂಬೆಗಾಲಿಕ್ಕಿಕೊಂಡು ಗೋಡೆಯವರೆಗೆ ಹೋಗಿ, ಕಿಟಕಿಯ ಸರಳು ಹಿಡಿದು ನಿಂತ. ಆ ತುದಿಯಲ್ಲಿದ್ದ ಮುಖ್ಯೋಪಾಧ್ಯಾಯಿನಿ ನೋಡಿಯೂ ನೋಡದವರ ಹಾಗೆ ಬೆನ್ನು ತಿರುಗಿಸಿ, ಹಾಕಿದ್ದ ಬೀಗವನ್ನೇ ಮತ್ತೆ ಹಾಕತೊಡಗಿದರು. ನೋವಿಗಿಂತ ಆ ಮರ್ಯಾದೆಯೇ ಅವನನ್ನು ಚುಚ್ಚಿತು.

ಸವೆದದ್ದಕ್ಕೆ ವಿಶ್ರಾಂತಿಯೇ ಮದ್ದು ಎಂದುಕೊಂಡು ಏಳು ವಾರ ಹಾಸಿಗೆ ಹಿಡಿದ. ಆರು ಕಿಲೋ ಹೆಚ್ಚಾದ. ಎದ್ದು ನೋಡಿದರೆ ಕಾಲು ಹತ್ತಿ ತುಂಬಿದ ಕಾಲುಚೀಲದ ಹಾಗೆ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಅರ್ಧ ದಿನ ರಜೆ ಹಾಕಿ ಅವನನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಎಳೆದುಕೊಂಡು ಹೋದಳು. ಆಕೆ ಚಿಕ್ಕ ವಯಸ್ಸಿನ ಹುಡುಗಿ. ಎಕ್ಸ್‌ರೇ ನೋಡಿ ಪಕ್ಕಕ್ಕಿಟ್ಟು, ಅವನ ತೊಡೆ ಒತ್ತಿ ನೋಡಿದಳು.

"ಮಂಡಿ ಸ್ವಲ್ಪ ಸವೆದಿರೋದು ನಿಜ. ಆದ್ರೆ ಅದನ್ನ ಹಿಡಿದು ನಿಲ್ಸೋ ತೊಡೆನ ನೀವು ಮಲಗಿಸಿಬಿಟ್ಟಿದೀರ."

"ಸವೆದ ಗಾಡಿ ಓಡಿಸಿದ್ರೆ ಇನ್ನೂ ಸವೆಯಲ್ವಾ?" ಎಂದ ರಸಮಟ್ಟ.

"ಗಾಡಿ ತನ್ನನ್ನ ತಾನು ರಿಪೇರಿ ಮಾಡ್ಕೊಳಲ್ಲ. ಮೈಗೆ ಅದು ಸ್ವಲ್ಪ ಗೊತ್ತು. ಓಡಾಡಿದ್ರೇನೇ ಕೀಲಿಗೆ ಊಟ ಸಿಗೋದು."

ಕುರ್ಚಿಯಲ್ಲಿ ಕೂತು ಕಾಲು ನೇರವಾಗಿ ಚಾಚಿ ಹತ್ತು ಎಣಿಸುವುದು. ಕೈ ಊರದೆ ಕುರ್ಚಿಯಿಂದ ಏಳುವುದು. ದಿನಾ ಸಮತಟ್ಟಾದ ರಸ್ತೆಯಲ್ಲಿ ನಡೆಯುವುದು. ಮೈಯಲ್ಲಿ ಒಂದು ಕಿಲೋ ಇಳಿದರೆ ಹೆಜ್ಜೆಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿದ ಹಾಗೆ ಎಂದೂ ಹೇಳಿದಳು. ತುಸು ನೋವಾದರೆ ಹೆದರಬೇಡಿ, ಊದಿಕೊಂಡರೆ ಕಡಿಮೆ ಮಾಡಿ ಬಂದು ತೋರಿಸಿ ಎಂದಳು. ಮೊದಲ ದಿನ ನಾಲ್ಕು ಸಲ ಎದ್ದು ಕೂರುವಷ್ಟರಲ್ಲಿ ಅವನಿಗೆ ಏದುಸಿರು ಬಂತು. ಮೂರು ತಿಂಗಳಿಗೆ ಪಕ್ಕದ ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದ.

ಅದಕ್ಕಿಂತ ಕಷ್ಟದ ಕೆಲಸ ಒಂದು ಉಳಿದಿತ್ತು. ಒಂದು ಭಾನುವಾರ ಷಡ್ಡಕನ ಮನೆಗೆ ಹೋಗಿ, ಚಹಾ ಕುಡಿದು, ಊರ ಮಾತೆಲ್ಲ ಆಡಿ, ಕೊನೆಗೆ ಮೆತ್ತೆ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಅವನಿಗಿಂತ ಆರು ವರ್ಷ ದೊಡ್ಡವನಾದ ಷಡ್ಡಕ ನೆಲದಿಂದ ಸಲೀಸಾಗಿ ಎದ್ದು ಒಳಗೆ ಹೋಗಿ, ಒಂದು ಜೊತೆ ಮೆತ್ತೆ ತಂದು ಅವನ ಮುಂದಿಟ್ಟ.

"ಇದು ನನ್ನ ಬುದ್ಧಿ ಏನಲ್ಲ. ನಮ್ಮಪ್ಪನೂ ಇದೇ ಕೆಲಸದವರು. ಐವತ್ತೈದಕ್ಕೆ ಬಚ್ಚಲಿಗೆ ಹೋಗೋಕೂ ನನ್ನ ಹೆಗಲು ಬೇಕಾಗಿತ್ತು ಅವರಿಗೆ."

"ಇಷ್ಟು ವರ್ಷ ಒಂದು ಮಾತು ಹೇಳಬಾರ್ದಿತ್ತಾ?"

"ನೀನು ತಮಾಷೆ ಮಾಡ್ತಿದ್ದೆ, ಎಲ್ಲರೂ ನಗ್ತಿದ್ರು. ಆ ನಗು ಮಧ್ಯ ಅಪ್ಪನ್ನ ತಂದು ಕೂರಿಸೋಕೆ ಮನಸ್ಸು ಬರ್ಲಿಲ್ಲ."

ಕ್ಷಮೆ ಕೇಳಲು ರಸಮಟ್ಟನಿಗೆ ಬರುತ್ತಿರಲಿಲ್ಲ. ದೊಡ್ಡ ಕೆಲಸಗಳನ್ನು ಇನ್ನು ಇಬ್ಬರೂ ಸೇರಿ ಮಾಡೋಣವಾ ಎಂದಷ್ಟೇ ಕೇಳಿದ. ಷಡ್ಡಕ ಹೂಂ ಎಂದ.

ಈಗ ರಸಮಟ್ಟನಿಗೆ ಅರವತ್ತೊಂದು. ಟೈಲ್ಸ್ ಕತ್ತರಿಸುವುದೆಲ್ಲ ಎತ್ತರದ ಮೇಜಿನ ಮೇಲೆ, ನಿಂತುಕೊಂಡೇ. ಚಳಿಯ ಬೆಳಿಗ್ಗೆ ಬಲಮಂಡಿ ಈಗಲೂ ಗೊಣಗುತ್ತದೆ. ಹೋದ ತಿಂಗಳು ಹೆಂಡತಿ ಅಂಗಡಿಯಿಂದ ಬಂದು ಕೂತವಳು, ಏಳುವಾಗ ಎರಡೂ ಕೈಯನ್ನು ತೊಡೆಗೆ ಊರಿದಳು. ದಿನಕ್ಕೆ ಒಂಬತ್ತು ಗಂಟೆ ನಿಂತೇ ದುಡಿಯುವವಳ ಮಂಡಿ ಹೇಗಿದೆ ಎಂದು ತಾನು ಒಂದು ದಿನವೂ ಕೇಳಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಇನ್ನೊಂದು ಕುರ್ಚಿ ಎಳೆದು, ತಾನು ದಿನಾ ಕೂತು ಕಾಲು ಚಾಚುವ ಕುರ್ಚಿಯ ಪಕ್ಕಕ್ಕೆ ಹಾಕಿದ.

"ನಂಗೇನಾಗಿದೆ ಈಗ?" ಎಂದಳು.

"ಏನೂ ಆಗಿಲ್ಲ. ಅದಕ್ಕೇ ಈಗ್ಲೇ ಶುರು ಮಾಡೋಣ ಅಂತ."

ಅವಳು ಗೊಣಗುತ್ತಲೇ ಚಪ್ಪಲಿ ಬಿಟ್ಟು ಕಾಲು ಚಾಚಿದಳು.