ನಾಗತ್ತೆಯ ಹಕ್ಕು ಖುಲಾಸೆ

ಅವರೆಕಾಯಿ ಬಿಡಿಸುವಾಗ ಫೋನು ಮುಟ್ಟಬಾರದು. ಸೊಗಡು ಮೆತ್ತಿದ ಹೆಬ್ಬೆರಳನ್ನು ನನ್ನ ಫೋನು ಗುರುತು ಹಿಡಿಯುವುದಿಲ್ಲ. ಮೊನ್ನೆ ಸಂಜೆ ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂತಿದ್ದೆ. ಬೆಟ್ಟದ ನೆತ್ತಿಯ ಬಿಸಿಲು ಇನ್ನೇನು ಇಳಿಯುವುದರಲ್ಲಿತ್ತು. ಫೋನು ಟಣ್ ಎಂದಿತು. ಹೆಬ್ಬೆರಳು ಒತ್ತಿದೆ, ತೆರೆಯಲಿಲ್ಲ. ಸೆರಗಿಗೆ ಒರೆಸಿ ಒತ್ತಿದೆ, ಆಗಲೂ ಇಲ್ಲ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ವಿಜ್ಞಾನ ಹೇಳಿದವಳು ಒಂದು ಅಂಗೈಯಗಲದ ಗಾಜಿನ ಮುಂದೆ ‘ನಾನೇ ಕಣೋ ಮಾರಾಯ, ನಾನೇ’ ಎಂದು ಬೇಡಿಕೊಳ್ಳುವುದನ್ನು ಪಕ್ಕದ ಮನೆಯ ಬೆಕ್ಕೊಂದೇ ನೋಡಿತು, ಪುಣ್ಯ.

ಕೊನೆಗೆ ನಂಬರು ಒತ್ತಿ ತೆರೆದರೆ ಚಿಂತಾಮಣಿಯಿಂದ ನನ್ನ ತಮ್ಮ ಸುಧಾಕರ ಎರಡು ಕಾಗದ ಕಳಿಸಿದ್ದ. ಅಪ್ಪ ಬಿಟ್ಟುಹೋದ ಮನೆಯಲ್ಲಿ ಅವನೇ ಇರುವುದು. ಮೇಲೊಂದು ಅಂತಸ್ತು ಎಬ್ಬಿಸಲು ಬ್ಯಾಂಕಿನಲ್ಲಿ ಸಾಲ ಕೇಳಿದ್ದಾನೆ. ಬ್ಯಾಂಕಿನ ವಕೀಲರಿಗೆ ಈ ಮನೆ ಯಾರಿಂದ ಯಾರಿಗೆ ಬಂತು, ಇದರಲ್ಲಿ ಇನ್ನು ಯಾರಿಗೆ ಪಾಲಿದೆ ಎನ್ನುವ ಪೂರ್ವಾಪರವೆಲ್ಲ ಬೇಕು. ಅಪ್ಪ ಉಯಿಲು ಬರೆದಿರಲಿಲ್ಲ, ಅಮ್ಮನೂ ಈಗಿಲ್ಲ. ಹಾಗಾಗಿ ಅವನಷ್ಟೇ ಪಾಲು ನನಗೂ ಇದೆ. ಸುಧಾಕರನ ಮೆಸೇಜು ಎರಡೇ ಸಾಲು: “ಅಕ್ಕಾ, ನೀನು ರಿಲೀಸ್ ಡೀಡ್, ಅದೇ ಹಕ್ಕು ಖುಲಾಸೆ, ಬರ್ಕೊಡಬೇಕಂತೆ. ಎಲ್ಲಾ ಆನ್‌ಲೈನೇ, ಓಟಿಪಿ ಬರುತ್ತೆ ಹೇಳು, ಆಮೇಲೆ ಒಂದಿನ ಬಂದು ಹೆಬ್ಬೆಟ್ಟು ಒತ್ತಿ ಹೋದ್ರೆ ಆಯ್ತು.”

ಮೊದಲನೆಯ ಕಾಗದ ಆನ್‌ಲೈನಿನಲ್ಲಿ ಸಿಕ್ಕಿದ ಋಣಭಾರ ಪತ್ರ. ಎಷ್ಟು ಚೊಕ್ಕಟ ಎಂದರೆ, ಅದನ್ನು ನೋಡಿದರೆ ಆ ಮನೆಯಲ್ಲಿ ಯಾರೂ ಹುಟ್ಟಿಲ್ಲ, ಯಾರೂ ಜಗಳವಾಡಿಲ್ಲ, ಒಂದು ಹಪ್ಪಳ ಕೂಡ ಒಣಗಿಲ್ಲ ಅನ್ನಿಸಬೇಕು. ಬಾಗಿಲಿನ ಸಂಖ್ಯೆ, ಅಳತೆ, ಕೆಳಗೆ ‘ಯಾವುದೇ ವಹಿವಾಟು ಕಂಡುಬಂದಿಲ್ಲ’ ಎಂಬ ಮಾತು. ಕಂಪ್ಯೂಟರಿಗೆ ತಾನು ಬಂದದ್ದಕ್ಕಿಂತ ಹಿಂದಿನದು ಗೊತ್ತಿಲ್ಲ. ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಿ ಅರ್ಜಿ ಕೊಟ್ಟು, ಯಾರಾದರೂ ಒಬ್ಬರು ದಪ್ಪ ಸಂಪುಟ ಇಳಿಸಿ ಹುಡುಕುವ ತನಕ ಕಾಯಬೇಕು. ಸುಧಾಕರ ಪಾಪ ಕಾದಿದ್ದಾನೆ. ಹಾಗೆ ಕಾದು ತಂದದ್ದು ಎರಡನೆಯ ಕಾಗದ, ಕೈಬರಹದ ನಕಲು. ಯಾರೋ ಗುಮಾಸ್ತರು ಸಾವಧಾನವಾಗಿ, ಒಂದೊಂದು ಅಕ್ಷರವನ್ನೂ ಒತ್ತಿ ಬರೆದದ್ದು. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಗಾಣದವರ ಮನೆ, ಉತ್ತರಕ್ಕೆ ಸೇದುವ ಬಾವಿ, ದಕ್ಷಿಣಕ್ಕೆ ಹುಲ್ಲಿನ ಬಣವೆ ಹಾಕುವ ಖಾಲಿ ಜಾಗ. ಗಾಣ ನಿಂತುಹೋಗಿದೆ, ಬಾವಿ ಮುಚ್ಚಿದ್ದಾರೆ, ಬಣವೆಯ ಜಾಗದಲ್ಲಿ ಮೊಬೈಲ್ ಅಂಗಡಿ. ಆದರೂ ಓದುತ್ತಾ ಓದುತ್ತಾ ನಾನು ಆ ಓಣಿಯಲ್ಲಿ ನಡೆದುಕೊಂಡೇ ಹೋದೆ. ಹಿಂಡಿಯ ವಾಸನೆ, ರಾಟೆಯ ಕಿರ್ ಸದ್ದು, ಎಲ್ಲ ಇದ್ದ ಹಾಗೇ ಇದ್ದವು. ಮೊರದಲ್ಲಿ ಕಾಳಿನ ಜೊತೆ ಸಿಪ್ಪೆ ಬೆರೆತದ್ದು ಗೊತ್ತಾಗಲಿಲ್ಲ.

ಕೊನೆಯ ಪುಟದಲ್ಲಿ ಹೀಗಿತ್ತು: ‘ಹಕ್ಕು ಖುಲಾಸೆ ಬರೆದುಕೊಟ್ಟವರು ಶ್ರೀಮತಿ ನಾಗಲಕ್ಷ್ಮಮ್ಮ. ಓದಿ ಹೇಳಿದ್ದನ್ನು ಕೇಳಿ ಒಪ್ಪಿಕೊಂಡಿದ್ದಾರೆ.’

ನಾಗಲಕ್ಷ್ಮಮ್ಮ ಎಂದರೆ ನಮ್ಮ ನಾಗತ್ತೆ, ಅಪ್ಪನ ಒಬ್ಬಳೇ ತಂಗಿ. ಮುರುಗಮಲ್ಲಕ್ಕೆ ಕೊಟ್ಟಿದ್ದರು, ಈಗಲೂ ಅಲ್ಲೇ ಇದ್ದಾರೆ. ತಾತ ತೀರಿಕೊಂಡ ಮೇಲೆ ಮನೆ ಪೂರ್ತಿ ಅಪ್ಪನ ಹೆಸರಿಗೆ ಆಗಲೆಂದು ಅತ್ತೆ ತನ್ನ ಪಾಲು ಬಿಟ್ಟುಕೊಟ್ಟ ದಿನ ನಾನೂ ಜೊತೆಗಿದ್ದೆ. ಆಗ ಪಿಯುಸಿ ಓದುತ್ತಿದ್ದೆ. “ಗಂಡಸರ ಮಧ್ಯೆ ಒಬ್ಳೇ ಕೂರೋಕಾಗಲ್ಲ, ನೀನೂ ಬಾರೆ” ಎಂದು ಕಾಲೇಜು ತಪ್ಪಿಸಿ ಕರೆದುಕೊಂಡು ಹೋಗಿದ್ದರು. ಕಾಲೇಜು ತಪ್ಪುತ್ತದೆ ಎಂದರೆ ನಾನು ಆಗ ಎಲ್ಲಿಗಾದರೂ ಹೋಗುತ್ತಿದ್ದೆ.

ನೀವು ಆ ಕಾಲದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತಿದ್ದರೆ ನಿಮಗೂ ಗೊತ್ತಿರುತ್ತದೆ, ಅಲ್ಲಿನ ಹೊತ್ತೇ ಬೇರೆ. ಹೊರಗೆ ಹೊಂಗೆ ಮರದಡಿ ಪತ್ರ ಬರೆಯುವವರು, ಅವರ ಸುತ್ತ ತೂಕಡಿಸುವ ರೈತರು, ಕಡಲೆಕಾಯಿ ಮಾರುವವಳು. ಒಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಗಂಟುಗಳು ಸೂರಿನ ತನಕ. ಬಾಗಿಲ ಪಕ್ಕದ ಗೋಡೆ ಮಾತ್ರ ಎದೆಮಟ್ಟದವರೆಗೆ ಕಪ್ಪು ಕಪ್ಪು. ಹೆಬ್ಬೆಟ್ಟು ಒತ್ತಿದವರೆಲ್ಲ ಮಸಿಯನ್ನು ಆ ಗೋಡೆಗೆ ಒರೆಸಿ ಹೋಗುತ್ತಿದ್ದರು. ಮಾರಿದವರು, ಕೊಂಡವರು, ಅಣ್ಣತಮ್ಮಂದಿರು, ಎಲ್ಲರ ಬೆರಳೂ ಒಂದರ ಮೇಲೊಂದು. ಯಾರದು ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾ ನಾನು ಅರ್ಧ ನಿದ್ದೆಗೆ ಜಾರಿದ್ದೆ.

ಎಚ್ಚರವಾಗಿದ್ದು ಕೋಣೆಯಲ್ಲಿ ಮಾತು ನಿಂತದ್ದಕ್ಕೆ. ಸಬ್ ರಿಜಿಸ್ಟ್ರಾರು ಕನ್ನಡಕದ ಮೇಲಿಂದ ಅತ್ತೆಯನ್ನು ನೋಡಿ, ಎಲ್ಲರಿಗೂ ಕೇಳುವಂತೆ ಕೇಳಿದ್ದರು: “ಯಾರ ಬಲವಂತಾನೂ ಇಲ್ದೆ, ನಿಮ್ಮ ಸ್ವಂತ ಇಷ್ಟದಿಂದ ಬರ್ಕೊಡ್ತಾ ಇದ್ದೀರೇನಮ್ಮಾ?”

ಹೂಂ ಎಂದರೆ ಮುಗಿಯುತ್ತಿತ್ತು. ಅತ್ತೆ ಅನ್ನಲಿಲ್ಲ. ಫ್ಯಾನು ಕಟಕಟ ಎನ್ನುತ್ತಿತ್ತು. ಅಪ್ಪ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದರು. ಪತ್ರ ಬರೆದವರು ಕೆಮ್ಮಿ, “ಚೆಪ್ಪಮ್ಮಾ, ಹೇಳಮ್ಮಾ, ಸಾಹೇಬ್ರು ಕೇಳ್ತಾ ಇದ್ದಾರೆ” ಎಂದು ತೆಲುಗು ಕನ್ನಡ ಎರಡರಲ್ಲೂ ಹುರಿದುಂಬಿಸಿದರು. ಅತ್ತೆ ಸಾಹೇಬರ ಕಡೆ ತಿರುಗಲೇ ಇಲ್ಲ. ಅಪ್ಪನನ್ನು ನೋಡಿದರು.

“ಅಣ್ಣಯ್ಯಾ, ನಾನು ಹೇಳ್ದೆ ಕೇಳ್ದೆ ಬಂದ್ರೂ ಬಾಗ್ಲು ತೆಗೀತೀಯಾ?”

“ಏನೇ ಇದು, ಇಲ್ಲಿ ಬಂದು…” ಎಂದರು ಅಪ್ಪ.

ಸಬ್ ರಿಜಿಸ್ಟ್ರಾರು ನಗಲಿಲ್ಲ, ರೇಗಲಿಲ್ಲ. “ಅದನ್ನ ಪತ್ರದಲ್ಲಿ ಬರೆಯೋಕಾಗಲ್ಲಮ್ಮ” ಎಂದು ಮೆಲ್ಲಗೆ ಹೇಳಿ ಪೆನ್ನು ಕೆಳಗಿಟ್ಟು ಕಾದರು.

“ತೆಗೀತೀನಿ ಕಣೇ. ನಾನೇ ಬಂದು ತೆಗೀತೀನಿ” ಎಂದರು ಅಪ್ಪ.

ಅತ್ತೆ ಹೂಂ ಎಂದು ಸಹಿ ಹಾಕಿದರು, ಹೆಬ್ಬೆಟ್ಟೂ ಒತ್ತಿದರು. ಅಪ್ಪ ಕರವಸ್ತ್ರ ಚಾಚಿದರು. ಅತ್ತೆ ಅದನ್ನೂ ತೆಗೆದುಕೊಳ್ಳಲಿಲ್ಲ, ಗೋಡೆಗೂ ಒರೆಸಲಿಲ್ಲ. ಎಣ್ಣೆ ಹಾಕಿ ಬಾಚಿದ ತನ್ನ ತಲೆಗೂದಲಿಗೆ ಒರೆಸಿಕೊಂಡು ಹೊರಗೆ ನಡೆದರು.

ಅಪ್ಪ ಕೊಟ್ಟ ಮಾತನ್ನು ಹೇಗೆ ನಡೆಸಿದರು ಎನ್ನುವುದು ನಮ್ಮ ಮನೆಯಲ್ಲಿ ದೊಡ್ಡ ತಮಾಷೆಯ ವಿಷಯ. ಅತ್ತೆ ನಿಜಕ್ಕೂ ಹೇಳದೆ ಕೇಳದೆ ಬರುತ್ತಿದ್ದರು. ಕೋಳಿ ಕೂಗುವ ಮುಂಚಿನ ಬಸ್ಸಿಗೆ ಬಂದಾರು, ಅನ್ನದ ಪಾತ್ರೆ ತೊಳೆದಿಟ್ಟ ಮೇಲೆ ಬಂದಾರು. “ಒಂದು ಕಾರ್ಡು ಬರೆದಿದ್ರೆ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕ್ತಿರ್ಲಿಲ್ವಾ” ಎಂದು ಅಮ್ಮ ಗೊಣಗುವುದು, ಅಪ್ಪ ತುಟಿಗೆ ಬೆರಳಿಟ್ಟು ಬಾಗಿಲಿಗೆ ಓಡುವುದು. ಅತ್ತೆಯ ತಟ್ಟು ಅಪ್ಪನಿಗೆ ಹೇಗೋ ಗೊತ್ತಾಗುತ್ತಿತ್ತು. ನಾವು ಯಾರಾದರೂ ಚಿಲಕಕ್ಕೆ ಕೈ ಹಾಕಿದರೆ ಬೈಗುಳ. ಒಂದು ಸಲ ಸ್ನಾನದ ಮಧ್ಯೆ, ಕಣ್ಣು ಮೂಗೆಲ್ಲ ಸೋಪಿನ ನೊರೆ, ಸೊಂಟಕ್ಕೊಂದು ಟವೆಲ್ಲು, ಗೋಡೆ ತಡವಿಕೊಂಡು ಹೋಗಿ ತೆಗೆದಿದ್ದರು. ಅತ್ತೆ ಹೊಸ್ತಿಲಾಚೆ ನಿಂತು ನಕ್ಕ ನಗೆ ಗಾಣದವರ ಮನೆಗೂ ಕೇಳಿತ್ತು. ಮನೆಗೆ ಫೋನು ಬಂದ ಮೇಲೂ ಅತ್ತೆ ನಂಬರು ಬರೆದುಕೊಳ್ಳಲಿಲ್ಲ. ಸ್ಟಾಫ್ ರೂಮಿನಲ್ಲಿ ಅಣ್ಣತಂಗಿಯರ ಮಾತು ಬಂದಾಗಲೆಲ್ಲ ನಾನು ಈ ಕಥೆ ಹೇಳಿ ಎಲ್ಲರ ಕಣ್ಣಲ್ಲೂ ನೀರು ತರಿಸಿದ್ದೇನೆ. ಅಪ್ಪ ಹೋದ ಮೇಲೆ ಅತ್ತೆ ಬರುವುದು ನಿಂತಿತು. ಕಾಲು ನೋವು ಎಂದರು, ನಾವು ನಂಬಿದೆವು.

ಹೀಗೆಲ್ಲ ನೆನೆಯುತ್ತಾ ಓಟಿಪಿ ಬಂದದ್ದು ನೋಡಿದೆ. ಸುಧಾಕರ ಒಳ್ಳೆಯವನು, ಅವನ ಹೆಂಡತಿ ಇನ್ನೂ ಒಳ್ಳೆಯವಳು. ನನಗೆ ಆ ಮನೆಯ ಪಾಲಿನಿಂದ ಆಗಬೇಕಾದ್ದೇನೂ ಇಲ್ಲ. ಬರೆದುಕೊಡುವುದಿಲ್ಲ ಎಂದರೆ ತವರಿನಲ್ಲಿ ಮುಖ ಬಿಗಿಯುತ್ತದೆ. ಬರೆದುಕೊಟ್ಟರೆ ತವರು ಕಾಗದದ ಮೇಲೆ ನನ್ನದಾಗಿ ಉಳಿಯುವುದಿಲ್ಲ. ಸ್ವಂತ ಇಷ್ಟವೇನಮ್ಮಾ ಎಂದು ನನ್ನನ್ನು ಇನ್ನೂ ಯಾರೂ ಕೇಳಿರಲಿಲ್ಲ. ನನಗೆ ಭಯವಾಯಿತು, ಓಟಿಪಿ ಅವನಿಗೆ ಹೇಳಲಿಲ್ಲ. ಬೆಳಿಗ್ಗೆ ಎದ್ದು ಬಸ್ಸು ಹತ್ತಿದೆ.

ಶಿಡ್ಲಘಟ್ಟ ದಾಟುವಾಗ ರೇಷ್ಮೆಗೂಡು ಬೇಯುವ ವಾಸನೆ ಕಿಟಕಿಯಿಂದ ನುಗ್ಗಿತು. ಆಚೆಗೆ ಹಿಪ್ಪುನೇರಳೆ ತೋಟಗಳು, ಮಂಜು, ಮತ್ತೆ ತೋಟಗಳು. ಕಣ್ಣು ಎಳೆದುಕೊಂಡು ಹೋಯಿತು. ಎಚ್ಚರವಾದಾಗ ಕಂಡಕ್ಟರು, “ಚಿಂತಾಮಣಿ ಬಂತು, ಇಳೀರಮ್ಮ” ಎನ್ನುತ್ತಿದ್ದ. ತವರಿನ ಓಣಿಯ ಕಡೆ ನೋಡದೆ ಮುರುಗಮಲ್ಲದ ಬಸ್ಸು ಹಿಡಿದೆ.

ಅತ್ತೆ ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಫೋನಿನಲ್ಲಿ ಅವರ ಪತ್ರ ತೋರಿಸಿದೆ, ಸುಧಾಕರ ಕೇಳಿದ್ದನ್ನೂ ಹೇಳಿದೆ. “ಅಪ್ಪ ಮಾತು ಉಳಿಸಿಕೊಂಡ್ರಲ್ಲ ಅತ್ತೆ. ಇವನೂ ಉಳಿಸಿಕೋತಾನೆ ಅಲ್ವಾ?” ಎಂದೆ.

“ನಿಮ್ಮಪ್ಪ ಒಂದ್ ಸಲಾನೂ ತಪ್ಪಲಿಲ್ಲ ಕಣಮ್ಮಾ. ಯಾವಾಗ ಹೋದ್ರೂ ಅವನೇ ಬಂದು ತೆಗ್ದ” ಎಂದರು. ಆಮೇಲೆ ಬೀದಿಯನ್ನು ನೋಡುತ್ತಾ ಹೇಳಿದರು: “ಅದಕ್ಕೆ ಮುಂಚೆ ನಾನು ತಟ್ತಾನೇ ಇರ್ಲಿಲ್ಲ. ತಳ್ಕೊಂಡು ಸೀದಾ ಅಡುಗೆಮನೆಗೆ ಹೋಗ್ತಿದ್ದೆ. ಸಹಿ ಹಾಕಿದ್ ಮೇಲೆ ಮೊದಲ್ನೇ ಸಲ ಹೋದಾಗ ಬಾಗ್ಲು ಬರೀ ಮುಂದಕ್ಕೆ ಮಾಡಿತ್ತು, ಚಿಲಕ ಹಾಕಿರ್ಲಿಲ್ಲ. ಆದ್ರೂ ಕೈ ತಾನೇ ತಟ್ತು. ತಟ್ಟು ಅಂತ ಯಾರೂ ಹೇಳಿರ್ಲಿಲ್ಲ. ತೆಗೀತೀಯಾ ಅಂತ ಕೇಳಿದ್ದು ನಾನೇ ತಾನೆ? ಆವತ್ತಿಂದ ಪ್ರತಿ ಸಲ ತಟ್ದೆ. ಹುಟ್ಟಿದ ಮನೆ ಬಾಗ್ಲು ಯಾರಾದ್ರೂ ತಟ್ತಾರೇನೇ?”

ಅಷ್ಟು ವರ್ಷ ನಗುತ್ತಾ ಅಳುತ್ತಾ ಊರಿಗೆಲ್ಲ ಹೇಳಿದ ಕಥೆಯಲ್ಲಿ ನಾನು ಯಾವಾಗಲೂ ಒಳಗೆ, ಅಪ್ಪನ ಬೆನ್ನ ಹಿಂದೆ ನಿಂತಿದ್ದೆ. ಹೊಸ್ತಿಲಾಚೆಯಿಂದ ಅದು ಹೇಗೆ ಕಾಣುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರೇ ನನ್ನನ್ನು ಸಮಾಧಾನ ಮಾಡಿ, ಕಾಫಿ ಕೊಟ್ಟು ಕಳಿಸಿದರು.

ಬಸ್ ಸ್ಟ್ಯಾಂಡಿನಿಂದ ಸುಧಾಕರನಿಗೆ ಫೋನು ಮಾಡಿದೆ.

“ಅಕ್ಕಾ, ಓಟಿಪಿ ಟೈಮ್ ಮುಗಿದೋಯ್ತು, ಇನ್ನೊಂದ್ ಸಲ ಕಳಿಸ್ಲಾ?”

“ಬೇಡ ಕಣೋ. ನಾನು ಖುಲಾಸೆ ಬರ್ಕೊಡಲ್ಲ. ನೀನು ಮನೆ ಕಟ್ಟು, ಸಾಲಕ್ಕೆ ನಿನ್ನ ಜೊತೆ ನಾನೂ ಸಹಿ ಹಾಕ್ತೀನಿ. ಖಾತೆ ಇಬ್ರ ಹೆಸರಲ್ಲೂ ಇರ್ಲಿ.”

ಒಂದು ಬಸ್ಸು ಬಂದು ನಿಂತು, ಜನರನ್ನು ಇಳಿಸಿ, ತಿರುಗಿಕೊಂಡು ಹೋಯಿತು.

“ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕಾ?”

“ಇರೋದಕ್ಕೇ ಫೋನ್ ಮಾಡಿ ಹೇಳ್ತಾ ಇದ್ದೀನಿ ಸುಧಾ.”

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ಸರಿ, ವಕೀಲರ ಹತ್ರ ಮಾತಾಡ್ತೀನಿ. ಆಗುತ್ತೆ ಅನ್ಸುತ್ತೆ. ನೀನು ಯಾವತ್ತು ಬರ್ತೀಯ ಹೇಳು, ರಜಾ ಹಾಕಿ ಮನೇಲಿರ್ತೀನಿ.”

“ನೀನಿರ್ಬೇಕಾಗಿಲ್ಲ. ಬೀಗದ ಕೈ ಮಾಡಿಸಿಡು.”

“ನಿಂಗೊಂದು ತಾನೆ? ಇವತ್ತೇ ಮಾಡಿಸ್ತೀನಿ.”

“ಎರಡು ಮಾಡ್ಸು” ಎಂದೆ. “ಇನ್ನೊಂದನ್ನ ನಾನೇ ತಗೊಂಡೋಗಿ ನಾಗತ್ತೆಗೆ ಕೊಡ್ತೀನಿ.”