ಒಣಗಿದ್ದ ಶಾಕ್ ಅಬ್ಸಾರ್ಬರ್

ಅರಕಲಗೂಡಿನ ನಮ್ಮ ಬೀದಿಗೆ ಒಂದೇ ಆಗಿದ್ದ ನನ್ನ ಮೋಟಾರ್ ಸೈಕಲ್ಲಿನ ಹಿಂದಿನ ಶಾಕ್ ಅಬ್ಸಾರ್ಬರನ್ನು ಹಿತ್ತಿಲಲ್ಲಿ ಬಿಚ್ಚಿ ಬೋಸಿಗೆ ಬಗ್ಗಿಸಿದೆ. ಒಂದು ತೊಟ್ಟು ಆಯಿಲ್ಲೂ ಬೀಳಲಿಲ್ಲ. ಹೊಸ ಆಯಿಲ್ ಹಾಕಿದ್ದೇನೆ ಎಂದಿದ್ದ ಹಾಸನದ ಮೆಕ್ಯಾನಿಕ್ ಬರೀ ಹೊರಗೆ ಒರೆಸಿ ಕಳಿಸಿದ್ದ. ಗಾಡಿ ಕುಕ್ಕುತ್ತದೆ ಎಂದು ಮತ್ತೆ ಹೋದಾಗ ನನ್ನ ಹೆಂಡತಿಯ ಎದುರೇ, "ಅಮ್ಮಾವ್ರು ವಸಿ ದಪ್ಪ ಅಲ್ವಾ ಸಾ, ಗಾಡಿ ಏನ್ ಮಾಡ್ತದೆ?" ಎಂದಿದ್ದ. ಅಂದಿನಿಂದ ಅವಳು ಹಿಂದಿನ ಸೀಟು ಹತ್ತಿರಲಿಲ್ಲ. ರುದ್ರಪಟ್ಟಣದ ತವರಿಗೂ ಬಸ್ಸಿನಲ್ಲೇ ಹೋಗುತ್ತಿದ್ದಳು.

ಖಾಲಿ ಬೋಸಿ ತೋರಿಸಿ, "ನೋಡೇ, ಎಂಥಾ ಕಳ್ಳ! ಅವತ್ತು ಬೈದಿದ್ದು ಸಾಲದು, ಕಪಾಳಕ್ಕೆ ಬಿಗೀಬೇಕಿತ್ತು" ಎಂದು ಕೂಗಾಡಿದೆ.

"ಎಲ್ಲಿ ಬೈದ್ರಿ? ಅವನ ಜೊತೆ ನೀವೂ ನಕ್ಕಿದ್ರಿ ಕಣ್ರೀ."

ಆಯಿಲ್ ತುಂಬಿದ ಮೇಲೆ ಗಾಡಿ ಕುಕ್ಕುವುದು ನಿಂತಿತು. ಅವಳು ಮಾತ್ರ ಮುಂದಿನ ಸಲವೂ ಬಸ್ಸಿಗೇ ಹೋದಳು. ಮೆಕ್ಯಾನಿಕ್ಕಿನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ನಾನು ನಕ್ಕದ್ದು ಮಾತ್ರ ನೆನಪಿಗೆ ಬರುತ್ತಿಲ್ಲ.