ಡಬ್ಬಿಯಲ್ಲಿ ಉಳಿದ ಒಂದೇ ಹುಳು

ಟಿಫಿನ್ ಡಬ್ಬಿಯ ಮುಚ್ಚಳ ತೆಗೆದ ಶಿವಲೀಲಾ ಕಿರುಚಿಯೇಬಿಟ್ಟಳು: "ಟೀಚರ್, ನಿನ್ನಿ ಸಂಜಿಕ ನಾಕು ಹಾಕಿಟ್ಟಿದ್ವಿರಿ, ಈಗ ಒಂದ ಐತ್ರಿ!"

ಒಂಬತ್ತನೇ ತರಗತಿಯವರು ಗುಂಪುಗುಂಪಾಗಿ ಒಂದೊಂದು ಜೀವಿಯ ಬಗ್ಗೆ ಮಾತಾಡಬೇಕಿತ್ತು. ಅಂಕ ಹಾಕುವವಳು ನಾನು. ಹುಲಿ, ನವಿಲು, ತಿಮಿಂಗಿಲ ಕೇಳಿ ಕೇಳಿ ಆಕಳಿಸುತ್ತಿದ್ದೆ. ನಮ್ಮ ಹಿರೇಕೆರೂರಿನ ಈ ಹುಡುಗಿಯರು ಮಾತ್ರ ಗೋವಿನಜೋಳ ತಿನ್ನುವ ಸೈನಿಕ ಹುಳುವನ್ನೇ ಹೊಲದಿಂದ ಹಿಡಿದು ತಂದಿದ್ದರು. ಅವರ ಚಾರ್ಟಿನ ಮೇಲೆ ದಪ್ಪಕ್ಷರದಲ್ಲಿ "ಸೈನ್ಯದಂತೆ ಒಗ್ಗಟ್ಟಿನ ಜೀವಿ" ಎಂದಿತ್ತು. ಆ ಸಾಲು ಹೆಡ್‌ಮಾಸ್ತರರ ಸಲಹೆ.

ಮೇಜಿನ ಕೆಳಗೆ ಬಗ್ಗಿ ಹುಡುಕಿದರೂ ಉಳಿದ ಮೂರು ಸಿಗಲಿಲ್ಲ. ಅದೇ ಗುಂಪಿನ ರೇಣುಕಾ ತಣ್ಣಗೆ ಹೇಳಿದಳು: "ಹುಡುಕಬ್ಯಾಡ್ರಿ ಟೀಚರ್. ಈ ಹುಳ ಒಂದನ್ನೊಂದು ತಿಂತಾವ್ರಿ."

"ಹಂಗಾದ್ರ ಗುಂಪಿನ ಕೆಲಸದ ಮಾರ್ಕ್ಸ್ ಯಾರಿಗೆ ಹಾಕ್ಲವಾ?" ಎಂದು ರೇಗಿಸಿದೆ.

"ಈ ಉಳದ ಹುಳಕ್ಕ ಹಾಕ್ರಿ. ಇಡೀ ಗುಂಪು ಅದರ ಹೊಟ್ಯಾಗ ಐತ್ರಿ!"

ಪೂರ್ತಿ ಅಂಕ ಹಾಕಿದೆ. ಈಗ ಸ್ಟಾಫ್ ಮೀಟಿಂಗಿನಲ್ಲಿ ಹೆಡ್‌ಮಾಸ್ತರರು ಒಗ್ಗಟ್ಟಿನ ಭಾಷಣ ಶುರುಮಾಡಿದರೆ ಸಾಕು, ನಮ್ಮೊಳಗೆ ಯಾರು ದಪ್ಪಗಾಗಿದ್ದಾರೆ ಎಂದು ನನ್ನ ಕಣ್ಣು ಹುಡುಕುತ್ತದೆ. ಮೊನ್ನೆ ಸುತ್ತಾಡಿ ಸುತ್ತಾಡಿ ಕೊನೆಗೆ ಹೆಡ್‌ಮಾಸ್ತರರ ಹೊಟ್ಟೆಯ ಮೇಲೆಯೇ ಬಂದು ನಿಂತಿತು.